ರಜೆಯಲ್ಲಿದ್ದವಳ ಪಾಸ್‌ವರ್ಡ್

ಹೆಬ್ಬಾಳದಲ್ಲಿದ್ದ ನಮ್ಮ ಪುಟ್ಟ ಕಂಪನಿ ರಕ್ತಪರೀಕ್ಷೆಯ ಲ್ಯಾಬುಗಳಿಗೆ ಸಾಫ್ಟ್‌ವೇರ್ ಮಾಡುತ್ತಿತ್ತು. ಎಲ್ಲ ಮಾಹಿತಿಯೂ ಕ್ಲೌಡಿನಲ್ಲಿ, ಅಂದರೆ ಎಲ್ಲೋ ದೂರದ ಬಾಡಿಗೆ ಕಂಪ್ಯೂಟರುಗಳಲ್ಲಿ. 2016ರಲ್ಲಿ ದೊಡ್ಡ ಗ್ರಾಹಕರೊಬ್ಬರು, ರೋಗಿಗಳ ಮಾಹಿತಿಯನ್ನು ನಿಯಮದಂತೆ ಕಾಪಾಡುತ್ತಿದ್ದೀರಾ, ತೋರಿಸಿ ಎಂದರು. ಅದನ್ನು ಪರೀಕ್ಷಿಸುವ ಟೂಲ್ ಆರಿಸುವುದು ನನ್ನ ತಲೆಗೆ ಬಂತು. ಯಾರಿಗೂ ಬೇಡದ ಕೆಲಸಗಳಿಗೆ ನನ್ನ ವಿಳಾಸ ಚೆನ್ನಾಗಿ ಗೊತ್ತು.

ಎರಡು ಟೂಲ್‌ಗಳನ್ನು ಓಡಿಸಿ ನೋಡಿದೆ. ಮೊದಲನೆಯದು ನಾವು ತುಂಬಿದ ಉತ್ತರಗಳನ್ನೇ ನಂಬಿ ಪರದೆಯ ತುಂಬ ಹಸಿರು ಟಿಕ್ಕು ಹಾಕಿತು. ಎರಡನೆಯದು ಯಾರ ಮಾತನ್ನೂ ಕೇಳದೆ ಹಳೆಯ ದಾಖಲೆ ಕೆದಕಿ ಒಂದು ಕೆಂಪು ಸಾಲು ತೋರಿಸಿತು: ಒಂದು ಲ್ಯಾಬಿನ ವರದಿಗಳಿಗೆ ಎರಡು ದಿನ ಬೀಗವೇ ಇರಲಿಲ್ಲ, ಯಾರು ಬೇಕಾದರೂ ತೆರೆದು ಓದಬಹುದಿತ್ತು. ಬೀಗ ತೆಗೆದವರು ಎಂಬಲ್ಲಿ, ಹೆರಿಗೆ ರಜೆಯಲ್ಲಿದ್ದ ನಮ್ಮ ಸಹೋದ್ಯೋಗಿಯ ಹೆಸರಿತ್ತು.

ಇಂಥ ಬೀಗ ಹಾಕಿ ತೆಗೆಯುವ ಬದಲಾವಣೆಗೆ ಒಪ್ಪಿಗೆ ಕೊಡುವ ಅಧಿಕಾರ ಅವಳೊಬ್ಬಳಿಗೇ ಇತ್ತು. ರಜೆಗೆ ಹೋಗುವಾಗ, ಪಕ್ಕದ ಮನೆಗೆ ಬೀಗದ ಕೈ ಕೊಟ್ಟಂತೆ, ಪಾಸ್‌ವರ್ಡನ್ನು ನಮಗೆ ಕೊಟ್ಟು ಹೋಗಿದ್ದಳು. ನಾವದನ್ನು ವೈಟ್‌ಬೋರ್ಡಿನ ಮೂಲೆಯಲ್ಲಿ ಬರೆದುಕೊಂಡಿದ್ದೆವು. ಅದು ತಪ್ಪು ಎಂದು ಯಾರಿಗೂ ಅನ್ನಿಸಿರಲಿಲ್ಲ.

"ಗ್ರಾಹಕರಿಗೆ ಆ ಹಸಿರು ಟೂಲೇ ಸಾಕು," ಎಂದರು ಮ್ಯಾನೇಜರ್. "ಆಯಮ್ಮ ಮಾತ್ರ ವಾಪಸ್ ಬರೋದು ಬೇಡ. ಇಷ್ಟೊಂದು ಬೇಜವಾಬ್ದಾರಿನಾ?"

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳಬೇಕಾದವನು ನಾನು. ವರದಿಗಳು ತಕ್ಷಣ ಸಿಗಬೇಕೆಂದು ಲ್ಯಾಬಿನವರು ಅವಸರ ಮಾಡಿದರೆಂದು ಅವಳ ಹೆಸರಿನಲ್ಲಿ ಒಳಹೋಗಿ ಬೀಗ ತೆಗೆದವನು, ಮತ್ತೆ ಹಾಕಲು ಮರೆತವನು ನಾನೇ. ಆ ಮಧ್ಯಾಹ್ನ ಊಟದ ಡಬ್ಬಿ ಮುಚ್ಚಿಟ್ಟು ಹೋಗಿ ಹೇಳಿಬಿಟ್ಟೆ.

ಮ್ಯಾನೇಜರ್ ನಕ್ಕರು. "ಅವಳನ್ನ ಉಳಿಸೋಕೆ ಹೀರೋ ಆಗ್ಬೇಡ ಮಗಾ. ಇದ್ರಲ್ಲಿ ನಿನ್ನ ಹೆಸರೆಲ್ಲಿದೆ?"

ಎಲ್ಲೂ ಇರಲಿಲ್ಲ. ಎಲ್ಲರೂ ಒಂದೇ ಹೆಸರಿನಲ್ಲಿ ಓಡಾಡಿದ ಮೇಲೆ ನನ್ನ ತಪ್ಪನ್ನು ನನ್ನದೆಂದು ತೋರಿಸಲೂ ದಾರಿಯಿರಲಿಲ್ಲ. ದಾಖಲೆಯ ದಿನಾಂಕ ನೋಡಿದಾಗ ಥಟ್ಟನೆ ಹೊಳೆಯಿತು: ಅವಳಿಗೆ ಹೆರಿಗೆಯಾದದ್ದೂ ಅದೇ ದಿನ. ಹುಣಸಮಾರನಹಳ್ಳಿಯ ತವರಿನಲ್ಲಿದ್ದ ಅವಳಿಗೆ ಫೋನ್ ಮಾಡಿ, ಮಗು ಹುಟ್ಟಿದ ಹೊತ್ತು ಬರೆದ ಆಸ್ಪತ್ರೆಯ ಚೀಟಿ ಇದೆಯಾ ಎಂದೆ.

"ಯಾಕೋ, ಜಾತಕ ಬರೆಸ್ತೀಯಾ?" ಎನ್ನುತ್ತಲೇ ಫೋಟೋ ಕಳಿಸಿದಳು.

ಬೀಗ ತೆಗೆದದ್ದು ಬೆಳಿಗ್ಗೆ ಹನ್ನೊಂದೂ ಹತ್ತಕ್ಕೆ. ಮಗು ಹುಟ್ಟಿದ್ದು ಅದೇ ಬೆಳಿಗ್ಗೆ ಹನ್ನೊಂದೂ ಇಪ್ಪತ್ತಕ್ಕೆ. ಮ್ಯಾನೇಜರ್ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದರು. "ಆಯ್ತು, ಆ ಚಾಡಿಕೋರ ಟೂಲನ್ನೇ ತಗೊಳ್ಳೋಣ. ಮೊದ್ಲು ಆ ಬೋರ್ಡ್ ಒರ್ಸು," ಎಂದರು.

ಸಂಜೆ ಮತ್ತೆ ಫೋನ್ ಮಾಡಿ ನಡೆದದ್ದನ್ನೆಲ್ಲ ಹೇಳಿ, ನಿನ್ನ ಕೆಲಸಕ್ಕೇನೂ ತೊಂದರೆಯಿಲ್ಲ ಎಂದು ಕ್ಷಮೆ ಕೇಳಿದೆ. ಬೈಯುತ್ತಾಳೆ ಎಂದುಕೊಂಡಿದ್ದೆ. ಯಾವ ಲ್ಯಾಬು ಎಂದಷ್ಟೇ ಕೇಳಿದಳು. ಹೇಳಿದೆ.

ಅಳುತ್ತಿದ್ದ ಮಗುವನ್ನು ಅಮ್ಮನ ಕೈಗೆ ಕೊಟ್ಟು ಮತ್ತೆ ಫೋನಿಗೆ ಬಂದಳು.

"ಹೆರಿಗೆಗೆ ಮುಂಚೆ ನಾನು ಟೆಸ್ಟಿಗೆ ರಕ್ತ ಕೊಟ್ಟಿದ್ದೂ ಅಲ್ಲೇ ಕಣೋ," ಎಂದಳು. "ನನ್ನ ರಿಪೋರ್ಟೂ ಅಲ್ಲೇ ಇತ್ತು."