ಒಕೊನ್‌ನ ಮೊಣಕಾಲು, ನನ್ನ ಕೈಗುಣ

ಮೊದಲು ಕಂಡದ್ದು ಒಂದು ಸಣ್ಣ ಊತ. ಬಲ ಮೊಣಕಾಲಿನ ಒಳಬದಿಗೆ, ನಿಂಬೆಹಣ್ಣಿನಷ್ಟು. ಕೆಂಪಗಿರಲಿಲ್ಲ. ಮುಟ್ಟಿದರೆ ಬಿಸಿಯೂ ಇಲ್ಲ.

"ಉಳುಕು" ಅಂದೆ ನಾನು.

ಮೊಣಕಾಲು ನನ್ನದಲ್ಲ, ಒಕೊನ್‌ನದು. ನೈಜೀರಿಯ ದೇಶದ ಕಲಬಾರ್ ಎಂಬ ಬಂದರಿನ ಊರಿನವನು. ಅವರಿಗೆ ಸ್ವಾತಂತ್ರ್ಯ ಬಂದ ಮರುವರ್ಷ ಸ್ಕಾಲರ್‌ಷಿಪ್ ಸಿಕ್ಕಿ ಮೈಸೂರಿಗೆ ಓದಲು ಬಂದ. ಕಾಲೇಜಿನ ಫುಟ್‌ಬಾಲ್ ಟೀಮಿನಲ್ಲಿ ಬ್ಯಾಕ್ ಆಡುತ್ತಿದ್ದ. ಅಂದರೆ ಗೋಲಿನ ಮುಂದೆ ನಿಂತು, ಬಂದವರನ್ನು ತಡೆಯುವ ಕೆಲಸ. ನಾನು ಸರಸ್ವತಿಪುರಂನ ಒಂದು ಶಾಲೆಯಲ್ಲಿ ಡ್ರಿಲ್ ಮೇಷ್ಟ್ರು. ಸಾಯಂಕಾಲ ಆ ಟೀಮಿನವರನ್ನು ಓಡಿಸಿ ಬೆವರಿಳಿಸುವುದು ನನ್ನ ಹವ್ಯಾಸ. ಯಾರ ಕಾಲು ಉಳುಕಿದರೂ ಅವರು ಬರುತ್ತಿದ್ದದ್ದು ನನ್ನ ಹತ್ತಿರವೇ.

ಅದಕ್ಕೆ ಕಾರಣ ನಮ್ಮ ತಾತ. ಊರಲ್ಲಿ ಎತ್ತಿನ ಗೊರಸಿನಿಂದ ಹಿಡಿದು ಗರಡಿ ಪೈಲ್ವಾನರ ಹೆಗಲವರೆಗೆ ಎಲ್ಲವನ್ನೂ ನೀವಿ ಸರಿಮಾಡಿದವರು. "ಎಣ್ಣೆ ಅರ್ಧ, ಕೈಗುಣ ಅರ್ಧ ಕಣ್ಲಾ" ಅನ್ನೋರು. ಕಣ್ಣು ಮುಚ್ಚುವ ಮುಂಚೆ ನನ್ನ ಎರಡೂ ಅಂಗೈ ಹಿಡಿದು ಒತ್ತಿದರು. ಕೈಗುಣ ಮೊಮ್ಮಗನಿಗೆ ಇಳಿಯಿತು ಅಂತ ಮನೆಯವರೆಲ್ಲ ನಂಬಿದರು. ಎಲ್ಲರಿಗಿಂತ ಹೆಚ್ಚಾಗಿ ನಾನು ನಂಬಿದೆ.

ಹೀಗಾಗಿ ನಾಲ್ಕು ವಾರ ಆ ಮೊಣಕಾಲು ನನ್ನ ಕೈಯಲ್ಲಿತ್ತು. ಹರಳೆಣ್ಣೆ ಬಿಸಿ ಮಾಡಿ ತಿಕ್ಕಿದೆ. ಹುಣಸೆ ಸೊಪ್ಪು ಬೇಯಿಸಿ ಶಾಖ ಕೊಟ್ಟೆ. ಉದ್ದಿನ ಹಿಟ್ಟಿಗೆ ಮೊಟ್ಟೆಯ ಬಿಳಿ ಕಲಸಿ ಪಟ್ಟು ಹಾಕಿದೆ. ಒಕೊನ್ ಹಲ್ಲು ಕಚ್ಚಿಕೊಂಡು ಕೂತಿರುತ್ತಿದ್ದ. ಅವನು ಕಲಿತ ಮೊದಲ ಕನ್ನಡ ಮಾತು "ಸಾಕು". ಎರಡನೆಯದು, ಪಾಪ, ನಾನು ಅದಕ್ಕೆ ಹೇಳುತ್ತಿದ್ದ ಉತ್ತರ, "ಇನ್ನೊಂಚೂರು".

ಊತ ಇಳಿದ ಹಾಗೆ ಕಾಣುತ್ತಿತ್ತು. ಮತ್ತೆ ಏರುತ್ತಿತ್ತು. ತೊಡೆ ಸಣ್ಣಗಾಯಿತು. ಸಾಯಂಕಾಲವಾದರೆ ಮೈ ಬೆಚ್ಚಗೆ.

ನಮ್ಮ ಮನೆಯವಳು ಜಯಮ್ಮ ಒಂದು ದಿನ ಬಾಗಿಲಲ್ಲೇ ನಿಂತು ನೋಡಿದಳು. "ರೀ, ಆ ಪುಣ್ಯಾತ್ಮ ದಿನದಿನಕ್ಕೆ ಕರಗೋಗ್ತಾವ್ರೆ. ಉಳುಕಿಗೆ ಯಾರಾದ್ರೂ ಬಡವಾಗ್ತಾರೇನ್ರೀ? ಆಸ್ಪತ್ರೆಗೆ ತೋರುಸ್ಬುಡಿ."

"ಒಲೆ ಮುಂದೆ ಕೂರೋಳು ನೀನು, ನಿನಗೇನು ಗೊತ್ತು?" ಅಂದೆ.

"ಒಲೆ ಮೇಲಿಟ್ಟಿದ್ದು ಬೆಂದಿದ್ಯೋ ಸೀದಿದ್ಯೋ ಅನ್ನೋದಾದ್ರೂ ಗೊತ್ತು" ಅಂದು ಒಳಗೆ ಹೋದಳು.

ಅದೇ ವಾರ ಮ್ಯಾಚು. ಆಡಬಹುದು ಅಂತ ನಾನೇ ಹೇಳಿದೆ. ಯಾರೂ ಅವನನ್ನು ಮುಟ್ಟಲಿಲ್ಲ. ಚೆಂಡು ಇನ್ನೂ ಆ ಕಡೆ ಗೋಲಿನ ಹತ್ತಿರ ಇತ್ತು. ನಿಂತಲ್ಲೇ ಕುಸಿದ.

ಅದೇ ಅವನ ಕೊನೆಯ ಆಟ.

ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆದರು. ಡಾಕ್ಟರು ಫಿಲಂ ಅನ್ನು ಕಿಟಕಿಯ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು.

"ಟಿ.ಬಿ."

ಕ್ಷಯ ಅಂದರೆ ಕೆಮ್ಮು, ರಕ್ತ, ಎದೆ. ಇಷ್ಟೇ ನನಗೆ ಗೊತ್ತಿದ್ದದ್ದು. ಮೊಣಕಾಲಿಗೆ ಕೆಮ್ಮು ಬರುತ್ತದೆಯೇ?

ಡಾಕ್ಟರು ಬಗ್ಗಿ ಮೂಸಿದರು. "ಹರಳೆಣ್ಣೆ. ಯಾರ್ರೀ ಇದನ್ನ ತಿಕ್ಕಿದ್ದು? ಇದು ಅಲುಗಾಡಬಾರದ ಕಾಯಿಲೆ. ಒಳಗೆಲ್ಲ ಕದಡಿಬಿಟ್ಟಿದ್ದಾರೆ." ಅದನ್ನೇ ಒಕೊನ್‌ಗೆ ಇಂಗ್ಲಿಷಿನಲ್ಲಿ ಕೇಳಿದರು.

"ನಾನೇ ತಿಕ್ಕಿಕೊಂಡೆ, ಡಾಕ್ಟರ್" ಅಂದ ಒಕೊನ್. ನನ್ನ ಕಡೆ ತಿರುಗಿಯೂ ನೋಡಲಿಲ್ಲ.

ನಾನು ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡೆ.

ಡಾಕ್ಟರು ಬೆರಳು ಮಡಿಸಿ ಹೇಳಿದರು. ತೊಡೆಯಿಂದ ಪಾದದವರೆಗೆ ಪ್ಲಾಸ್ಟರ್. ದಿನಾ ಸ್ಟ್ರೆಪ್ಟೊಮೈಸಿನ್ ಇಂಜೆಕ್ಷನ್, ಜೊತೆಗೆ ಮಾತ್ರೆ. ಒಳಗೆ ಕೀವಾಗಿದೆ, ಅದು ನಿಂತರೆ ಕಾಲು ಉಳಿಯುತ್ತದೆ, ಆದರೆ ಮೂಳೆ ನೆಟ್ಟಗೆ ಕೂಡಿಕೊಂಡು ಇನ್ನು ಮಡಿಸಲು ಬರುವುದಿಲ್ಲ. ಕೀವು ನಿಲ್ಲದಿದ್ದರೆ ತೊಡೆಯ ಹತ್ತಿರ ಕಾಲನ್ನೇ ತೆಗೆಯಬೇಕು.

ಊರಾಚೆಯ ಕ್ಷಯದ ಆಸ್ಪತ್ರೆಗೆ ಸೇರಿಸಿದೆವು. ಅವನವರು ಸಮುದ್ರದಾಚೆ. ಹತ್ತಿರದವನು ಅಂತ ಇದ್ದದ್ದು ಕಾಲು ಕೆಡಿಸಿದ ನಾನೊಬ್ಬನೇ. ಶಾಲೆ ಬಿಟ್ಟ ಮೇಲೆ ದಿನಾ ಸೈಕಲ್ ತುಳಿದುಕೊಂಡು ಹೋಗುತ್ತಿದ್ದೆ. ಮೈ ಒರೆಸುವುದು, ಬೆನ್ನು ಹುಣ್ಣಾಗದ ಹಾಗೆ ಪಕ್ಕ ತಿರುಗಿಸುವುದು ಕಲಿತೆ. ಕೀವು ಹೊರಬರಲೆಂದು ಮೊಣಕಾಲಿನ ಮೇಲೆ ಪ್ಲಾಸ್ಟರನ್ನು ಕಿಟಕಿಯಂತೆ ಕತ್ತರಿಸಿದ್ದರು. ನರ್ಸಮ್ಮ ಅಲ್ಲಿಂದ ಗಾಜ್ ಬಟ್ಟೆ ತೆಗೆದಾಗಲೆಲ್ಲ ನನ್ನ ಕಣ್ಣು ಅದರ ಮೇಲೆ. ಇವತ್ತೂ ಹಸಿ. ನಾಳೆಯೂ ಹಸಿ.

ಇಂಜೆಕ್ಷನ್‌ನಿಂದ ಅವನ ಕಿವಿಯಲ್ಲಿ ಜೀರುಂಡೆ ಕೂಗುತ್ತಿತ್ತಂತೆ. ಮಾತ್ರೆ ನುಂಗಿದರೆ ಅನ್ನ ಸೇರದು. ನಮ್ಮ ಊಟ ಅವನಿಗೆ ಸೇರುತ್ತದೋ ಇಲ್ಲವೋ ಅಂತ ಜಯಮ್ಮ ಹೆದರಿಕೊಂಡೇ ಒಂದು ದಿನ ಡಬ್ಬಿಯಲ್ಲಿ ಮುದ್ದೆ, ಉಪ್ಪೆಸರು ತಂದಳು. ಒಕೊನ್ ಮುರಿದ, ಬೆರಳಲ್ಲಿ ಉಂಡೆ ಮಾಡಿದ, ಸಾರಿಗೆ ಅದ್ದಿ ಅಗಿಯದೆ ನುಂಗಿದ. ಅವರ ಕಡೆಯೂ ಗೆಣಸಿನ ಮುದ್ದೆ ಉಂಟಂತೆ, ಅದನ್ನೂ ನುಂಗುವುದೇ ಅಂತೆ.

"ನೋಡ್ರೀ, ಯಾರೂ ಹೇಳ್ಕೊಡ್ದೆ ನುಂಗ್ಬುಟ್ರು! ನಿಮ್ ಹೆಡ್ಮಾಸ್ಟ್ರು ಇಪ್ಪತ್ತು ವರ್ಷದಿಂದ ಈ ಊರಲ್ಲಿದ್ದು ಇನ್ನೂ ಅಗೀತಾವ್ರೆ" ಅಂದಳು. ಅವತ್ತಿನಿಂದ ಅವಳ ಹೆದರಿಕೆ ಹೋಯಿತು.

ಮಲಗಿದವನಿಗೆ ಮಾತೇ ಓಡಾಟ. ಅವನ ಇಂಗ್ಲಿಷು ಚೆನ್ನಾಗಿತ್ತು, ಹರಕು ನನ್ನದು. ರಬ್ಬರ್ ಮರದ ಒಣಗಿದ ಹಾಲಿನ ಎಳೆ ಸುತ್ತಿ ಮಾಡಿದ ಚೆಂಡಿನಲ್ಲಿ ಆಟ ಶುರುವಾದದ್ದು, ಮಿಷನ್ ಶಾಲೆಯ ಟೀಮು, ಆಮೇಲೆ ಬಂದರಿನ ಗುಮಾಸ್ತರ ಟೀಮು, ಪಾದಕ್ಕೆ ಪಟ್ಟಿ ಸುತ್ತಿ ಬರಿಗಾಲಲ್ಲಿ ಆಡಿದ್ದು, ಎಲ್ಲ ಹೇಳಿದ.

"ಹನ್ನೆರಡು ವರ್ಷ ಆಡಿದೆ, ಮೇಷ್ಟ್ರೇ. ಹೊಡೆದದ್ದು ಒಂದೇ ಗೋಲು. ಅದೂ ನಮ್ಮ ಗೋಲಿಗೇ."

ನಾನು ನಕ್ಕೆ. ಅವನೂ ನಕ್ಕ. ಆಮೇಲೆ ಮೆಲ್ಲಗೆ ಹೇಳಿದ. "ಅವತ್ತು ನಾವು ಸೋತೆವು. ನಮ್ಮ ಗೋಲ್‌ಕೀಪರ್ ಕ್ಯಾಪ್ಟನ್ ಹತ್ತಿರ ಹೋಗಿ, ತಪ್ಪು ನನ್ನದು, ನಾನು ಕೂಗಿ ಹೇಳಲಿಲ್ಲ ಅಂದ. ಸುಳ್ಳು. ಅವನು ಕೂಗಿದ್ದ. ಆ ಸುಳ್ಳಿಲ್ಲದಿದ್ದರೆ ಮುಂದಿನ ವಾರ ನನ್ನನ್ನು ಆಡಿಸುತ್ತಿರಲಿಲ್ಲ."

ಅವನು ಡಾಕ್ಟರ ಮುಂದೆ ಯಾಕೆ ಹಾಗೆ ಹೇಳಿದ ಅನ್ನುವುದು ಆಗ ಗೊತ್ತಾಯಿತು.

"ಆಮೇಲೆ ನೀನು ಕ್ಯಾಪ್ಟನ್‌ಗೆ ನಿಜ ಹೇಳಿದೆಯಾ?"

"ಇಲ್ಲ" ಅಂದ. ಗೋಡೆಯ ಕಡೆ ನೋಡಿದ. "ಅದೊಂದು ಹಾಗೇ ಉಳಿದುಹೋಯಿತು."

ವಾಪಸು ಬರುವ ದಾರಿಯಲ್ಲಿ ಸೈಕಲ್ ಇಳಿದು ನಡೆದೇ ಬಂದೆ. ಇಷ್ಟು ದಿನ ಮೈ ಒರೆಸಿದ್ದು, ಡಬ್ಬಿ ಹೊತ್ತದ್ದು ಎಲ್ಲ ತಪ್ಪೊಪ್ಪಿಗೆಗೆ ಬದಲಾಗಿ ಮಾಡಿದ ಚಾಕರಿ ಅನ್ನಿಸಿತು. ಮಾರನೇ ದಿನ ಡಾಕ್ಟರ ಕೋಣೆಗೆ ಹೋದೆ.

"ತಿಕ್ಕಿದ್ದು ಅವನಲ್ಲ ಸಾರ್. ನಾನು. ನಾಲ್ಕು ವಾರ."

ಡಾಕ್ಟರು ಪೆನ್ನು ಕೆಳಗಿಟ್ಟರು. "ಗೊತ್ತಿತ್ತು ಕಣ್ರೀ ಮೇಷ್ಟ್ರೇ. ತನ್ನ ಮೊಣಕಾಲನ್ನ ತಾನೇ ಅಷ್ಟು ಗಟ್ಟಿಯಾಗಿ ಯಾರೂ ತಿಕ್ಕಿಕೊಳ್ಳಲ್ಲ." ಕುರ್ಚಿ ತೋರಿಸಿದರು. "ಕಾಯಿಲೆ ತಂದವರು ನೀವಲ್ಲ. ಅದು ಮೊದಲೇ ಒಳಗಿತ್ತು. ಆದರೆ ಆ ನಾಲ್ಕು ವಾರ ನೀವು ಕಳೆದದ್ದು. ಎರಡೂ ನಿಜ. ಎರಡನ್ನೂ ಇಟ್ಟುಕೊಳ್ಳಿ."

ಬೈದಿದ್ದರೆ ಹಗುರಾಗುತ್ತಿತ್ತೇನೋ. ಒಕೊನ್‌ಗೆ ವಿಷಯ ಹೇಳಿದೆ. "ನನಗಿಂತ ನೀವೇ ವಾಸಿ" ಅಂದ.

ಐದನೇ ತಿಂಗಳಲ್ಲಿ ಒಂದು ಸಾಯಂಕಾಲ ನರ್ಸಮ್ಮ ಗಾಜ್ ಬಟ್ಟೆ ತೆಗೆದು ತಿರುಗಿಸಿ ನೋಡಿದರು. ಮತ್ತೆ ನೋಡಿದರು.

ಒಣಗಿತ್ತು.

ಮತ್ತೂ ಮೂರು ತಿಂಗಳು ಪ್ಲಾಸ್ಟರಿನಲ್ಲೇ ಇಟ್ಟರು. ಬಿಚ್ಚಿದಾಗ ಕಾಲು ಸೌದೆಯ ಹಾಗೆ ನೆಟ್ಟಗಿತ್ತು. ಮಡಿಸಲು ಬರದು. ಆದರೆ ಅವನ ಕಾಲು ಅವನಿಗೇ ಇತ್ತು. ಹಾಸ್ಟೆಲ್ ಮೆಟ್ಟಿಲು ಹತ್ತುವಂತಿರಲಿಲ್ಲ. ನಮ್ಮ ಹಿತ್ತಲ ಕೋಣೆಗೇ ಕರೆದುಕೊಂಡು ಬಂದೆವು.

ಆಸ್ಪತ್ರೆಯಿಂದ ಬಂದದ್ದು ಜಟಕಾದಲ್ಲಿ. ಅದರಲ್ಲಿ ಹಿಂದೆ ಭಾರವಾದರೆ ಕುದುರೆ ಎಳೆಯಲಾರದು. ಅದಕ್ಕೇ ಗಾಡಿ ಹೊಡೆಯುವ ಸಾಬರು ಅಭ್ಯಾಸ ಬಲದಿಂದ "ಮುಂದ್ಕೆ ಬನ್ನಿ ಸ್ವಾಮಿ, ಮುಂದ್ಕೆ" ಅಂದರು. ಆ ಕಾಲನ್ನು ಹಿಂದಿನಿಂದ ಹೊರಗೆ ಚಾಚದೆ ಗತಿಯಿಲ್ಲ. ಅದನ್ನು ನೋಡಿ ಸಾಬರೇ ಇಳಿದರು. "ಸರಿ ಬುಡಿ, ನಾನೇ ಮುಂದ್ಗಡೆ ಭಾರ ಹಾಕ್ತೀನಿ" ಅಂದು ಗಾಡಿಯ ಮೂಕಿ ಅದುಮಿ ಹಿಡಿದು, ಸರಸ್ವತಿಪುರಂವರೆಗೂ ಕುದುರೆಯ ಪಕ್ಕದಲ್ಲೇ ನಡೆದು ಬಂದರು.

ಈಗ ಅವನು ಕೋಲೂರಿ ನಡೆಯುತ್ತಾನೆ, ಓದು ಮುಂದುವರಿಸಿದ್ದಾನೆ. ಸಾಯಂಕಾಲ ಮೈದಾನದಲ್ಲಿ ಕುರ್ಚಿ ಹಾಕಿಕೊಂಡು ಕೂತು ಬ್ಯಾಕ್ ಆಡುವವರಿಗೆ ಹೇಳಿಕೊಡುತ್ತಾನೆ. ತನ್ನ ಆಟ ಮುಗಿಯಿತು ಅಂತ ಊರಿಗೆ ಕಾಗದ ಬರೆದ. ಅದೇ ಲಕೋಟೆಯಲ್ಲಿ ಹಳೆಯ ಕ್ಯಾಪ್ಟನ್‌ಗೂ ಒಂದು ಚೀಟಿ ಇಟ್ಟ. ಅದರಲ್ಲಿ ಏನಿತ್ತು ಅಂತ ನಾನು ಕೇಳಲಿಲ್ಲ.

ನನ್ನ ಹತ್ತಿರ ಯಾರಾದರೂ ಊತ ಹಿಡಿದುಕೊಂಡು ಬಂದರೆ ಈಗ ಮೊದಲು ಕೇಳುವುದು ಒಂದೇ ಮಾತು, "ಎಕ್ಸ್‌ರೇ ಆಯಿತಾ?"

ಹೋದ ವಾರ ಡಾಕ್ಟರು ಕಾಲು ನೋಡಿ, "ಮೀನಖಂಡ ಒಣಗಿದೆ. ದಿನಾ ಸ್ವಲ್ಪ ಎಣ್ಣೆ ಸವರಬಹುದು. ಮೆತ್ತಗೆ" ಅಂದರು. ಹೇಳಿದ್ದು ನನಗೇ. ಮನೆಗೆ ಬಂದು ಎಣ್ಣೆ ಬೆಚ್ಚಗೆ ಮಾಡಿದೆ. ಒಕೊನ್ ಕಾಲು ಚಾಚಿ ಕಣ್ಣು ಮುಚ್ಚಿದ. ಪಾದದಿಂದ ಮೇಲಕ್ಕೆ ಮೆಲ್ಲಗೆ ಸವರಿದೆ.

"ಇನ್ನೊಂಚೂರು" ಅಂದ.

ಸವರಿದೆ. ಮೊಣಕಾಲು ಇನ್ನೂ ನಾಲ್ಕು ಬೆರಳು ದೂರ ಇರುವಾಗಲೇ ಕೈ ನಿಂತಿತು. ಅಲ್ಲಿಂದ ಕೆಳಕ್ಕೆ ಇಳಿಸಿದೆ.