ಫಾರ್ಮ್ಯಾಟ್ ಮಾಡದ ಮೇಡಂ

ಮೇಡಂ ಅವರ ಎಡಗೈಯ ಕಿರುಬೆರಳು ತುದಿಯಲ್ಲಿ ಹೊರಕ್ಕೆ ಬಾಗಿತ್ತು. ಟೈಪ್‌ರೈಟರಿನಲ್ಲಿ ಇಂಗ್ಲಿಷಿನ ‘ಎ’ ಅಕ್ಷರ ಆ ಬೆರಳಿನ ಪಾಲಿಗೆ ಬರುತ್ತದೆ. ಹಳೆಯ ಯಂತ್ರದ ಬಿಗಿಯಾದ ಕೀಲಿಯನ್ನು ಎಲ್ಲಕ್ಕಿಂತ ಸಣ್ಣ ಬೆರಳಿನಿಂದ ವರ್ಷಗಟ್ಟಲೆ ಒತ್ತಿದ ಗುರುತು ಅದು. ಸುಮ್ಮನೆ ಕುಳಿತಾಗಲೂ ಅವರ ಎಂಟು ಬೆರಳು ಸೀರೆಯ ನಿರಿಗೆಯ ಮೇಲೆ ಸಾಲಾಗಿ, ಅಪ್ಪಣೆಗೆ ಕಾಯುವಂತೆ ಇರುತ್ತಿದ್ದವು.

ಹೊಸಪೇಟೆಯಲ್ಲಿ ಅವರದೊಂದು ಟೈಪಿಂಗ್ ಶಾಲೆ ಇತ್ತು. ನಾನು ಅಲ್ಲಿ ಕಲಿತೆ. ಟೈಪಿಂಗ್ ಕಲಿಯುವವರು ಕಡಿಮೆಯಾದಾಗ ಮೇಡಂ ಯಂತ್ರಗಳನ್ನು ಮಾರಿ ಎರಡು ಕಂಪ್ಯೂಟರ್ ತಂದರು. ಅವರಿಗೆ ಅದನ್ನು ಹೇಳಿಕೊಡುವವರು ಯಾರೂ ಇರಲಿಲ್ಲ. ತಾವೇ ಕೆಡಿಸಿ, ತಾವೇ ಸರಿಪಡಿಸಿ ಕಲಿತರು. ಕೆಲವೇ ವರ್ಷಗಳಲ್ಲಿ ಸಂಡೂರಿನಿಂದ ಕಂಪ್ಲಿಯವರೆಗೆ ಯಾರ ಮನೆಯ ಕಂಪ್ಯೂಟರ್ ಕೈಕೊಟ್ಟರೂ ಮೊದಲು ಅವರಿಗೇ ಫೋನ್ ಹೋಗತೊಡಗಿತು. ಪೋಲಿಯೋದಿಂದ ಅವರ ಒಂದು ಕಾಲು ಸಣ್ಣದಾಗಿತ್ತು; ಮನೆ ಮನೆಗೆ ಹೋಗುವುದು ಆಗುತ್ತಿರಲಿಲ್ಲ. ಹಾಗಾಗಿ ಅರ್ಧಕ್ಕರ್ಧ ರಿಪೇರಿ ಫೋನಿನಲ್ಲೇ ಆಗುತ್ತಿತ್ತು. ಅದನ್ನು ನಾನು ಪಕ್ಕದಲ್ಲೇ ಕೂತು ಕೇಳಿದ್ದೇನೆ.

ಒಮ್ಮೆ ಹಂಪಿಯಿಂದ ಗೆಸ್ಟ್ ಹೌಸ್ ನಡೆಸುವವರೊಬ್ಬರು ಫೋನ್ ಮಾಡಿದರು. ಇಂಟರ್ನೆಟ್ ಇದೆ, ಆದರೆ ಯಾವ ಪುಟವೂ ತೆರೆಯುತ್ತಿಲ್ಲ, ಎಲ್ಲದಕ್ಕೂ ‘ಸುರಕ್ಷಿತವಲ್ಲ’ ಎಂದು ಬರುತ್ತಿದೆ.

“ಕೆಳಗ ಬಲಗಡಿ ಮೂಲ್ಯಾಗ ತಾರೀಖು ಐತಲ್ರಿ, ಅದನ್ನ ಓದ್ರಿ,” ಎಂದರು ಮೇಡಂ. “ವರ್ಷ ಸೈತ ಓದ್ರಿ.”

“ಅಯ್ಯ, ನನ್ನ ಮದ್ವಿ ಆದ ವರ್ಷ ತೋರ್ಸಾಕತ್ತೈತಲ್ರೀ ಮೇಡಂ!”

“ಹಂಗಾದ್ರ ಇನ್ನೂ ಟೈಂ ಐತಿ. ಇನ್ನೊಮ್ಮೆ ಯೋಚ್ನಿ ಮಾಡ್ರಿ.”

ಒಳಗಿನ ಸಣ್ಣ ಬ್ಯಾಟರಿ ಸತ್ತು ತಾರೀಖು ಹಿಂದಕ್ಕೆ ಹೋಗಿತ್ತು, ಅಷ್ಟೇ. ತಾರೀಖು ಸರಿಮಾಡಿಸಿದರು, ಪುಟಗಳು ತೆರೆದವು.

ಜನ ಪರದೆಯ ಮೇಲೆ ಬಂದದ್ದನ್ನು ಓದದೆ ಮುಚ್ಚುವುದು ಅವರಿಗೆ ಸಹಿಸಲಾಗದ ಸಂಗತಿ. “ಅದು ನಿಮ್ಮ ಹತ್ರ ಮಾತಾಡಾಕತ್ತೈತಿ, ನೀವು ಅದರ ಬಾಯಿ ಮುಚ್ಚಾಕತ್ತೀರಿ,” ಎನ್ನುತ್ತಿದ್ದರು. ಕಮಲಾಪುರದ ಬಾಳೆತೋಟದ ಮನೆಯೊಂದರ ಹೆಣ್ಣುಮಗಳು, “ಇಂಗ್ಲಿಷಿನಾಗ ಐತ್ರಿ, ನಂಗ ಓದಾಕ ಬರಂಗಿಲ್ಲ,” ಎಂದಾಗ, “ಒಂದೊಂದಾ ಅಕ್ಷರ ಹೇಳವ್ವಾ, ನಂಗ ಪುರುಸೊತ್ತೈತಿ,” ಎಂದರು. ಅವಳು ಒಂದೊಂದೇ ಅಕ್ಷರ ಹೇಳಿದಳು. ಮೇಡಂ ಕಣ್ಣು ಮುಚ್ಚಿ, ಮಡಿಲಲ್ಲೇ ಬೆರಳಾಡಿಸಿ ಆ ಅಕ್ಷರಗಳನ್ನು ಟೈಪ್ ಮಾಡಿಕೊಂಡರು. ಅವರಿಗೆ ನಿಜಕ್ಕೂ ಪುರುಸೊತ್ತಿರಲಿಲ್ಲ. ಹೊರಗೆ ಮೂವರು ಕಾಯುತ್ತಿದ್ದರು.

ಅಪ್‌ಡೇಟ್ ಆಗುವಾಗ ಪ್ಲಗ್ ಕೀಳುವವರನ್ನು ಮೇಡಂ ಚೆನ್ನಾಗಿ ಬೈಯುತ್ತಿದ್ದರು. ಆದರೆ ಅವರ ದೊಡ್ಡ ಜಗಳವಿದ್ದದ್ದು ನಮ್ಮಂಥವರ ಜೊತೆ. ನಮ್ಮ ಊರಿನ ಕಂಪ್ಯೂಟರ್ ಅಂಗಡಿಗಳಲ್ಲಿ ಎಲ್ಲ ಕಾಯಿಲೆಗೂ ಒಂದೇ ಔಷಧ: ಫಾರ್ಮ್ಯಾಟ್. ಇದ್ದದ್ದೆಲ್ಲ ಅಳಿಸಿ ಸಿಸ್ಟಂ ಹೊಸದಾಗಿ ಹಾಕುವುದು. ನಿಧಾನವಾದರೆ ಫಾರ್ಮ್ಯಾಟ್, ಪೆನ್‌ಡ್ರೈವಿನಿಂದ ವೈರಸ್ ಬಂದು ಫೈಲುಗಳು ಕಾಣದಾದರೆ ಫಾರ್ಮ್ಯಾಟ್. ಆ ವೈರಸ್ ಫೈಲುಗಳನ್ನು ಬಚ್ಚಿಡುತ್ತದೆಯೇ ಹೊರತು ತಿನ್ನುವುದಿಲ್ಲ. ಮೇಡಂ ಒಂದು ಸಾಲು ಟೈಪ್ ಮಾಡಿ ಎಲ್ಲವನ್ನೂ ಮತ್ತೆ ಹೊರಗೆ ತರುತ್ತಿದ್ದರು. “ಫಾರ್ಮ್ಯಾಟ್ ಅಂದ್ರ ರಿಪೇರಿ ಅಲ್ಲಲೇ. ಹುಡುಗ ಕೆಮ್ಮಿದ್ರ ಹುಡುಗನ್ನ ಬದಲಿ ಮಾಡ್ತೀಯೇನು?”

ಇದನ್ನೆಲ್ಲ ಅವರ ಬಾಯಿಂದಲೇ ಕೇಳಿಯೂ ನಾನು ಫಾರ್ಮ್ಯಾಟ್ ಮಾಡುವವನಾದೆ. ಬಸ್ ಸ್ಟ್ಯಾಂಡಿನ ಹತ್ತಿರ ಸ್ವಂತ ಅಂಗಡಿ ಹಾಕಿದೆ. ಮೇಡಂ ಒಂದು ಕಂಪ್ಯೂಟರಿನ ಮುಂದೆ ಅರ್ಧ ದಿನ ಕೂತರೆ, ನಾನು ಅಷ್ಟರಲ್ಲಿ ನಾಲ್ಕು ಮುಗಿಸುತ್ತಿದ್ದೆ. ಗೆಳೆಯರೆದುರು ಅವರನ್ನು ‘ಪುರುಸೊತ್ತಿನ ಮೇಡಂ’ ಎಂದು ಆಡಿಕೊಂಡಿದ್ದೇನೆ. ಅವರ ಹತ್ತಿರ ಕಲಿತೆನೆಂದು ಐದು ವರ್ಷ ಯಾರಿಗೂ ಹೇಳಲಿಲ್ಲ.

ಆಮೇಲೆ ಒಂದು ದಿನ ಅಂಗಡಿಯಲ್ಲಿ ಆದದ್ದನ್ನು ನಡೆದ ಕ್ರಮದಲ್ಲೇ ಬರೆಯುತ್ತೇನೆ.

ಬೆಳಿಗ್ಗೆ ಹತ್ತೂವರೆಯ ಸುಮಾರು. ವಡ್ಡು ಎಂಬ ಹಳ್ಳಿಯ ಹಿರಿಯರೊಬ್ಬರು ಬಂದರು. ಅವರ ಅಳಿಯ ಆಟೋದಲ್ಲಿ ಕಂಪ್ಯೂಟರ್ ತಂದು ಇಳಿಸಿ, “ಅಪ್‌ಡೇಟ್ ಆದಮ್ಯಾಲ ಬರೀ ನೀಲಿ ಪರದಿ ಬಂದು ಬಂದು ಬಂದ್ ಆಗಾಕತ್ತೈತ್ರಿ, ಮಾವಾರು ಇಲ್ಲೇ ಇರ್ತಾರ,” ಎಂದು ಹೇಳಿ ಡ್ಯೂಟಿಗೆ ಹೊರಟ. ಹಿರಿಯರು ಕತ್ತಿಗೆ ಟವೆಲ್ ಸುತ್ತಿಕೊಂಡಿದ್ದರು. ಶೀತವಾಗಿರಬೇಕು ಎಂದುಕೊಂಡೆ. ಕೈಯಲ್ಲಿ ಮಕ್ಕಳ ಪಾಟಿ ಮತ್ತು ಬಳಪ ಇದ್ದವು. ಮೊಮ್ಮಕ್ಕಳಿಗೆ ಕೊಂಡಿರಬೇಕು ಎಂದುಕೊಂಡೆ.

ಹೊಸ ಸಿಸ್ಟಂ ಇದ್ದ ಪೆನ್‌ಡ್ರೈವ್ ಹಾಕಿದೆ. ಕಂಪ್ಯೂಟರ್ ಶುರು ಮಾಡಿದೆ. ಅಳಿಸುವ ಗುಂಡಿಯ ಮೇಲೆ ಬಾಣ ಇಟ್ಟು ಕೇಳಿದೆ: “ಒಳಗ ಏನರ ಬೇಕಾದ್ದು ಐತೇನ್ರಿ?”

ಕೇಳಿದ್ದು ನಿಜ. ಉತ್ತರಕ್ಕೆ ಕಾಯಲಿಲ್ಲ. ಅವರು ತಲೆ ತಗ್ಗಿಸಿ ಪಾಟಿಯ ಮೇಲೆ ಏನೋ ಬರೆಯುತ್ತಿದ್ದರು, ಕಂಡೆ. ಬರೆದು ಮುಗಿಸಲೆಂದು ಕಾಯಲಿಲ್ಲ. ಒತ್ತಿದೆ. ಹೊಸ ಸಿಸ್ಟಂ ಹಾಕುವ ಕೆಲಸವೂ ಶುರುವಾಯಿತು. ಆಮೇಲೆ ಅವರು ಪಾಟಿಯನ್ನು ನನ್ನ ಕಡೆ ತಿರುಗಿಸಿದರು.

‘ಇದರಾಗ ನನ್ನ ದನಿ ಐತಿ.’

ನನಗೆ ಅರ್ಥವಾಗಲಿಲ್ಲ. ಅವರು ಟವೆಲ್ ಸರಿಸಿ ತೋರಿಸಿದರು. ಗಂಟಲಿನ ನಡುವೆ ಒಂದು ತೂತಿತ್ತು. ಕ್ಯಾನ್ಸರ್ ಎಂದು ಧ್ವನಿಪೆಟ್ಟಿಗೆಯನ್ನೇ ತೆಗೆದಿದ್ದರು. ಅವರು ಸರ್ಕಾರಿ ಬಸ್ಸಿನ ಕಂಡಕ್ಟರ್ ಆಗಿದ್ದವರು. ಆಪರೇಷನ್ನಿಗೆ ಮುಂಚೆ ಮಗಳು ಅವರ ಮಾತು, ಹಾಡು, ಕತೆಗಳನ್ನು ಮೊಬೈಲಿನಲ್ಲಿ ಹಿಡಿದು ಕಂಪ್ಯೂಟರಿಗೆ ಹಾಕಿಟ್ಟಿದ್ದಳು. ಆ ಮೊಬೈಲ್ ಈಗ ಇರಲಿಲ್ಲ. ಇಷ್ಟನ್ನೂ ಅವರು ಪಾಟಿಯಲ್ಲಿ ಬರೆದು, ಒರೆಸಿ, ಮತ್ತೆ ಬರೆದು ತಿಳಿಸಿದರು. ಈ ಸಲ ಕಾದೆ. ಕಾಯುವಷ್ಟು ಹೊತ್ತೂ ಪರದೆಯ ಮೇಲೆ ಅಂಕಿ ಏರುತ್ತಿತ್ತು.

ನನಗೆ ನೆನಪಿದ್ದದ್ದು ಒಂದೇ ನಂಬರ್. ಐದು ವರ್ಷದ ಮೇಲೆ ಮೇಡಂಗೆ ಫೋನ್ ಮಾಡಿ, ಆದದ್ದನ್ನು ಎರಡು ಮಾತಿನಲ್ಲಿ ಹೇಳಿದೆ. ಯಾಕೆ ಹೀಗೆ ಮಾಡಿದೆ ಎಂದು ಅವರು ಕೇಳಲಿಲ್ಲ.

“ಈಗ ಎಷ್ಟು ಪರ್ಸೆಂಟ್ ಆಗೈತಿ?”

“ಹನ್ನೊಂದು ರೀ ಮೇಡಂ.”

“ಪ್ಲಗ್ ಕೀಳು.”

“ನಡುವ ಕಿತ್ರ…”

“ಕೀಳಲೇ ಮೊದ್ಲು!”

ಕಿತ್ತೆ. ಕಂಪ್ಯೂಟರನ್ನೂ ಹಿರಿಯರನ್ನೂ ಆಟೋದಲ್ಲಿ ಕೂರಿಸಿಕೊಂಡು ಮೇಡಂ ಮನೆಗೆ ಹೋದೆ. ಮೇಡಂ ನನ್ನ ಮುಖ ನೋಡಲಿಲ್ಲ. ಹಿರಿಯರನ್ನು ಕುರ್ಚಿಯಲ್ಲಿ ಕೂರಿಸಿ, ನೀರು ಕೊಟ್ಟು, ಪಾಟಿಯಲ್ಲಿದ್ದದ್ದನ್ನೆಲ್ಲ ಓದಿ, ಅವರಿಗೆ ತಿಳಿಯುವ ಹಾಗೆ ಹೇಳಿದರು: “ಕಂಡಕ್ಟರ್ ಸಾಹೇಬ್ರ, ಈಗ ಏನಾಗೈತಿ ಅಂದ್ರ, ನಿಮ್ಮ ಬಸ್ಸಿಗೆ ‘ಎಲ್ಲಾ ಸೀಟು ಖಾಲಿ’ ಅಂತ ಚೀಟಿ ಹಚ್ಚ್ಯಾರ್ರಿ. ಆದ್ರ ಮಂದಿ ಇನ್ನೂ ಇಳಿದಿಲ್ಲ, ಒಳಗ ಕುಂತಾರ. ಹೊಸ ಮಂದಿ ಬಂದು ಯಾರ ಸೀಟಿನ ಮ್ಯಾಲ ಕುಂತ್ರೋ ಅವರಷ್ಟ ಹೋದಂಗ. ಉಳಿದೋರನ್ನ ಹುಡುಕೋಣು.”

ಅವರು ತಲೆಯಾಡಿಸಿದರು. ಎಷ್ಟು ಮಂದಿ ಉಳಿದಿದ್ದಾರೆಂದು ಮೇಡಂಗೂ ಗೊತ್ತಿರಲಿಲ್ಲ. ಅದನ್ನೂ ಹೇಳಿದರು.

ಮೂರು ದಿನ ಹಿಡಿಯಿತು. ಡಿಸ್ಕನ್ನು ಬಿಚ್ಚಿ ತಮ್ಮ ಕಂಪ್ಯೂಟರಿಗೆ ಜೋಡಿಸಿದರು. “ಇದರ ಮ್ಯಾಲ ಒಂದು ಅಕ್ಷರಾನೂ ಬರೀಬ್ಯಾಡ. ಬರೀ ಓದು,” ಎಂದು ನನಗೆ ಹೇಳಿದರು. ಅಳಿಸಿದ ಫೈಲುಗಳನ್ನು ಹುಡುಕುವ ಪ್ರೋಗ್ರಾಂ ನಡೆಸಿದರು; ಒಂದು ಮುಗಿದ ಮೇಲೆ ಇನ್ನೊಂದು. ನಾನು ಅಂಗಡಿಗೆ ಬೀಗ ಹಾಕಿ ಪಕ್ಕದಲ್ಲಿ ಕೂತಿದ್ದೆ. ಒಂದೊಂದಾಗಿ ಫೈಲುಗಳು ಬಂದವು, ಆದರೆ ಯಾವುದಕ್ಕೂ ಹೆಸರಿರಲಿಲ್ಲ, ಬರೀ ಅಂಕಿ. ಕೇಳಿಯೇ ಗುರುತಿಸಬೇಕು.

ನಾಲ್ಕನೆಯ ದಿನ ಕಂಡಕ್ಟರ್ ಮತ್ತು ಅವರ ಮಗಳನ್ನು ಕರೆಸಿದರು. ಮೊದಲ ಫೈಲು ಒತ್ತಿದಾಗ ಕೋಣೆಯಲ್ಲಿ ಒಂದು ದೊಡ್ಡ, ಒರಟು ದನಿ ಎದ್ದಿತು: “ಕಮಲಾಪುರ ಕಂಪ್ಲೀ, ಕಂಪ್ಲೀ, ಕಂಪ್ಲೀ! ಏ ಯಜಮಾನ್ರ, ಹಂಪಿಗೆ ಹೋಗೋರು ಇದನ್ನ ಹತ್ತಬ್ಯಾಡ್ರಿ, ಹಿಂದಿನ ಗಾಡಿ ಹತ್ರಿ!” ಮೊಮ್ಮಗಳಿಗೆಂದು ಬಸ್ ಕೂಗುವುದನ್ನೂ ಅವರು ಹಿಡಿದಿಟ್ಟಿದ್ದರು. ಮಗಳು ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಕಂಡಕ್ಟರ್ ಮಾತ್ರ ನೆಟ್ಟಗೆ ಕೂತು, ಬೇರೆ ಯಾರದೋ ಕೆಲಸವನ್ನು ಪರೀಕ್ಷಿಸುವವರಂತೆ ಕೇಳಿದರು. ಒಂದೊಂದಕ್ಕೂ ಹೆಸರನ್ನು ಪಾಟಿಯಲ್ಲಿ ಬರೆದರು, ನಾನು ಟೈಪ್ ಮಾಡಿದೆ.

ಮಗಳು ಹಾಕಿಟ್ಟಿದ್ದ ಮೂವತ್ತೊಂದರಲ್ಲಿ ಇಪ್ಪತ್ತನಾಲ್ಕು ಬಂದಿದ್ದವು.

“ಉಳಿದದ್ದು?” ಎಂದಳು ಮಗಳು.

ಮೇಡಂ ನನ್ನ ಕಡೆ ನೋಡಿದರು. ಆ ನಾಲ್ಕು ದಿನಗಳಲ್ಲಿ ಅದೇ ಮೊದಲು. “ನೀನಾ ಹೇಳು.”

ಹೇಳಿದೆ. ಪೆನ್‌ಡ್ರೈವ್ ಹಾಕಿದ್ದು, ಪ್ರಶ್ನೆ ಕೇಳಿದ್ದು, ಅವರು ಬರೆಯುತ್ತಿದ್ದದ್ದು ಕಂಡದ್ದು, ಕಂಡೂ ಒತ್ತಿದ್ದು. ಏಳು ಬರುವುದಿಲ್ಲ ಎಂದೂ ಹೇಳಿದೆ.

“ನಮ್ಮಪ್ಪ ಬರದು ಮುಗಸೋ ತನಕ ನಿಲ್ಲಾಕ ಆಗ್ಲಿಲ್ಲೇನ್ರಿ ನಿಮಗ? ಎಲ್ಲಿಗೆ ಹೊಂಟಿದ್ರಿ ಅಷ್ಟು ಜಲ್ದಿ?” ಅವಳ ದನಿ ಬೀದಿಗೆ ಕೇಳುತ್ತಿತ್ತು. “ಯಾರ್ರೀ ನಿಮಗ ಕಲಿಸಿದೋರು?”

ಮೇಡಂ ಹೆಸರನ್ನು ಇಂಥ ಕಡೆ ಎಳೆಯಬಾರದು ಎಂದು ಮೊದಲ ಬಾರಿಗೆ ಅನ್ನಿಸಿತ್ತು.

“ನಾನ ಕಲಿಸಿದ್ದು, ತಂಗೀ,” ಎಂದರು ಮೇಡಂ. “ಇವ ನನ್ನ ಶಿಷ್ಯ. ಕೈ ಓಡಸೋದು ಕಲಿಸಿದೆ, ಕೈ ಕಟ್ಟಿ ಕುಂದ್ರೋದು ಕಲಿಸ್ಲಿಲ್ಲ. ಈ ತಪ್ಪಿನಾಗ ನಂದೂ ಪಾಲೈತಿ.”

ನನ್ನ ಹೆಸರಿಗೆ ಬೆಲೆಯೇ ಇಲ್ಲದ ಹೊತ್ತಿನಲ್ಲಿ ಅವರು ನನ್ನನ್ನು ಶಿಷ್ಯ ಎಂದರು. ಪೇಟೆಯಲ್ಲಿ ನಾನು ಜೋರಾಗಿದ್ದ ಕಾಲದಲ್ಲಿ ಒಮ್ಮೆಯೂ ಅಂದಿರಲಿಲ್ಲ.

ಮೇಡಂ ಹೋದ ವರ್ಷ ತೀರಿಕೊಂಡರು. ಬಳ್ಳಾರಿಯ ಆಸ್ಪತ್ರೆಯಲ್ಲಿ ಹನ್ನೊಂದು ದಿನ ಇದ್ದರು. ವಾರ್ಡಿನ ನರ್ಸ್ ಒಬ್ಬರ ಮನೆಯ ಪ್ರಿಂಟರ್ ಸರಿಯಾದದ್ದು ಎಂಟನೆಯ ದಿನ, ಅವರ ಹಾಸಿಗೆಯಿಂದಲೇ, ಫೋನಿನಲ್ಲಿ. ಈಗ ಅವರಿಗೆ ಬರುತ್ತಿದ್ದ ಫೋನುಗಳು ನನಗೆ ಬರುತ್ತವೆ. “ನೀವು ಮೇಡಂ ಹತ್ರ ಕಲ್ತೋರಂತಲ್ರಿ?” ಎಂದು ಶುರು ಮಾಡುತ್ತಾರೆ. “ಹೌದ್ರಿ” ಎನ್ನುವಾಗ ನನ್ನ ಬೆನ್ನು ತಾನೇ ನೆಟ್ಟಗಾಗುತ್ತದೆ. ನಾನು ಗಳಿಸಿದ ಮರ್ಯಾದೆಗಳಲ್ಲಿ ಅದಕ್ಕಿಂತ ದೊಡ್ಡದು ಬೇರೊಂದಿಲ್ಲ. ಹಾಗೆ ಅನ್ನುವಾಗೆಲ್ಲ ವಡ್ಡುವಿನ ಆ ಮನೆ ಕಣ್ಣಿಗೆ ಬರುತ್ತದೆ.

ಏಕೆಂದರೆ ಅಂದು, ಫೈಲುಗಳನ್ನು ಕೇಳಿಸಿದ ನಾಲ್ಕನೆಯ ದಿನ, ಮೇಡಂ, “ನೀನಾ ಹೋಗಿ ಅವರ ಮನ್ಯಾಗ ಚಾಲೂ ಮಾಡಿ ಕೊಟ್ಟು ಬಾ,” ಎಂದಿದ್ದರು. ಮಗಳು ಬೇಡವೆನ್ನಲಿಲ್ಲ. ವಡ್ಡುವಿನ ನಡುಮನೆಯಲ್ಲಿ ಕಂಪ್ಯೂಟರ್ ಇಟ್ಟು, ವೈರುಗಳನ್ನು ಜೋಡಿಸಿದೆ. ಮೇಡಂ ಫೋನಿನಲ್ಲಿ ಇದ್ದರು. ಅವರಿಗೂ ಕೇಳಲೆಂದು ಫೋನನ್ನು ಮೇಜಿನ ಮೇಲಿಟ್ಟು ಒಂದು ಫೈಲು ಒತ್ತಿದೆ. ನರಿಯ ಕತೆ.

ಶಾಲೆಯಿಂದ ಬಂದ ಐದು ವರ್ಷದ ಮೊಮ್ಮಗಳು ಬಾಗಿಲಲ್ಲೇ ನಿಂತು ಕೇಳಿದಳು. ಆಪರೇಷನ್ ಆದಾಗ ಅವಳಿನ್ನೂ ಕೂಸು; ಆ ಫೈಲುಗಳನ್ನು ಮನೆಯಲ್ಲಿ ಅಲ್ಲಿಯವರೆಗೆ ಯಾರೂ ಹಾಕಿ ಕೇಳಿರಲಿಲ್ಲ.

“ಯಾರಬೇ ಅವ್ವಾ, ಮಾತಾಡಾಕತ್ತಾರಲ್ಲ?”

ಕಂಡಕ್ಟರ್ ಕೈ ಎತ್ತಿ ತಮ್ಮ ಎದೆಯನ್ನು ಮುಟ್ಟಿಕೊಂಡರು. ಹುಡುಗಿ ಅವರನ್ನು ನೋಡಿದಳು, ಸ್ಪೀಕರನ್ನು ನೋಡಿದಳು, ಮತ್ತೆ ಅವರನ್ನು ನೋಡಿದಳು. ಹೋಗಿ ಅವರ ತೊಡೆಯೇರಿ ಕೂತು, ಮುಖ ಮೇಲೆತ್ತಿ, “ತಾತಾ, ಸರಿಯಾಗಿ ಕೇಳಸವಲ್ದು,” ಎಂದಳು.

ಫೋನಿನ ಆ ಕಡೆ ಮೇಡಂ ಮೂಗೆಳೆದುಕೊಂಡದ್ದು ಕೇಳಿತು.

“ಮತ್ತ ಏನ್ ನೋಡ್ಕೊಂತ ನಿಂತೀಯಲೇ? ದನಿ ಏರ್ಸು.”

ನಾನು ಏರಿಸಿದೆ.