ಎಮಿಲ್ ಕೊಚಿಶ್ ಬಾಯಿ ಮುಚ್ಚಿಕೊಂಡ ವರ್ಷ

ಎಮಿಲ್ ಕೊಚಿಶ್ ಹುಟ್ಟಿದ್ದು, ಬೆಳೆದದ್ದು, ಮದುವೆಯಾದದ್ದು ಎಲ್ಲ ಅಮೆರಿಕದ ಟೊಲೀಡೊದ ಹೊಳೆಯಾಚೆಗಿನ ಹಂಗೇರಿಯನ್ನರ ಕೇರಿಯಲ್ಲೇ. ಅಪ್ಪ ಕಬ್ಬಿಣದ ಎರಕದ ಕಾರ್ಖಾನೆಯಲ್ಲಿ ದುಡಿದು ಸವೆದವನು. ಮಗ ಎಳೆಯ ವಯಸ್ಸಿಗೇ ಬಾಗಿಲಲ್ಲಿ ನಿಂತರೆ ಒಳಗೆ ಕತ್ತಲಾಗುವಷ್ಟು ಅಗಲವಾಗಿದ್ದ. ಶಾಲೆಯ ಅಮೆರಿಕನ್ ಫುಟ್‌ಬಾಲ್ ಕೋಚ್ ಅವನನ್ನು ನೋಡಿದ್ದೇ ತಡ, ಎಳೆದು ತಂದು ಸಾಲಿನ ನಟ್ಟನಡುವೆ ಬಗ್ಗಿಸಿ ನಿಲ್ಲಿಸಿದ. ಅಲ್ಲಿಂದ ಮುಂದೆ ಅವನು ಮಾಡಿದ್ದು ಅದೊಂದೇ ಕೆಲಸ. ಬಗ್ಗಿ ನಿಂತು ಕಾಲಸಂದಿಯಿಂದ ಚೆಂಡನ್ನು ಹಿಂದೆ ನಿಂತು ಆಟ ನಡೆಸುವ ಕ್ವಾರ್ಟರ್‌ಬ್ಯಾಕ್‌ನ ಕೈಗೆ ಕೊಡುವುದು, ಕೊಟ್ಟ ಮರುಗಳಿಗೆ ಎದುರಿನಿಂದ ನುಗ್ಗುವವನಿಗೆ ಎದೆಯೊಡ್ಡುವುದು.

ಊರಿನ ವೃತ್ತಿಪರ ತಂಡದಲ್ಲಿ ಅವನಂತೆ ಊರಿನ ಹುಡುಗನೇ ಆಡುವುದು ಅಪರೂಪ. ಹಾಗಾಗಿ ತಂಡ ಸೋತ ವಾರವೆಲ್ಲ ಎಮಿಲ್‌ಗೆ ಉಳಿಗಾಲವಿರಲಿಲ್ಲ. ಚರ್ಚಿನ ಮೆಟ್ಟಿಲ ಮೇಲೆ ಒಬ್ಬ, ಕಸಾಯಿ ಅಂಗಡಿಯಲ್ಲಿ ಒಬ್ಬ, ಕ್ಷೌರದ ಕುರ್ಚಿಯಲ್ಲಿ ಕೂತಾಗ ಕತ್ತರಿ ಹಿಡಿದವನೇ ಒಬ್ಬ, ಏನಯ್ಯಾ ನಿಮ್ಮ ಕಥೆ ಎಂದು ಶುರುಮಾಡುತ್ತಿದ್ದರು. ತಂಡವೋ ವರ್ಷಗಟ್ಟಲೆ ಸೋಲುತ್ತಲೇ ಬಂದಿತ್ತು. ಸೋತವರಿಗೆ ಒಂದೇ ಸಮಾಧಾನವೆಂದರೆ, ಎಲ್ಲರಿಗಿಂತ ಕೆಳಗಿದ್ದವರಿಗೆ ಕಾಲೇಜು ಮುಗಿಸಿ ಬರುವ ಆಟಗಾರರಲ್ಲಿ ಮೊದಲು ಆರಿಸಿಕೊಳ್ಳುವ ಹಕ್ಕು. ಎಪ್ಪತ್ತೆಂಟರ ಬೇಸಿಗೆಯಲ್ಲಿ ಆ ಹಕ್ಕಿನಿಂದ ಬಂದ ಹೊಸ ಕ್ವಾರ್ಟರ್‌ಬ್ಯಾಕ್ ವೇಡ್ ಹಾಲ್ವರ್ಸನ್.

ವೇಡ್ ಉತ್ತರ ಡಕೋಟದ ಗೋಧಿ ಸೀಮೆಯ ಒಬ್ಬ ಪಾದ್ರಿಯ ಮಗ. ಇಪ್ಪತ್ತೆರಡರ ಹುಡುಗ, ನೀಳವಾದ ಕೈಕಾಲು. ಅವನು ಚೆಂಡು ಎಸೆದರೆ ಗಾಳಿಗೂ ಅಂಜದೆ ನೇರವಾಗಿ ಹೋಗಿ ಹಿಡಿಯುವವನ ಎದೆಗೆ ಬಡಿಯುತ್ತಿತ್ತು. ಎಸೆತದಲ್ಲಿ ತಪ್ಪು ಹುಡುಕುವಂತಿರಲಿಲ್ಲ. ತಪ್ಪಿದ್ದದ್ದು ಬಾಯಲ್ಲಿ. ಹತ್ತು ಜನ ಆಟಗಾರರು ತಲೆಗೆ ತಲೆ ಕೊಟ್ಟು ಸುತ್ತ ನಿಂತು ಮುಂದಿನ ಆಟವೇನೆಂದು ಕಾಯುತ್ತಿದ್ದರೆ, ಅವನು ಊಟದ ಮೇಜಿನಲ್ಲಿ ಉಪ್ಪು ಕೇಳುವ ದನಿಯಲ್ಲಿ ಹೇಳುತ್ತಿದ್ದ. ಎಲ್ಲರೂ ಅವನಿಗಿಂತ ಹಿರಿಯರು, ಕೆಲವರಿಗೆ ಶಾಲೆಗೆ ಹೋಗುವ ಮಕ್ಕಳಿದ್ದರು. ಅವರೆಲ್ಲರನ್ನೂ ಅವನು ಸರ್ ಎನ್ನುತ್ತಿದ್ದ.

ಎಮಿಲ್‌ನ ಎಡಕ್ಕೆ ನಿಲ್ಲುತ್ತಿದ್ದವನು ಓಡೆಲ್ ಪ್ರೈಸ್, ಅಲಬಾಮಾದ ಕರಿಯ, ತಂಡದಲ್ಲಿ ಎಮಿಲ್‌ನ ಆಪ್ತ ಗೆಳೆಯ. ಮೊದಲ ವಾರವೇ ಅವನು ವೇಡ್‌ನನ್ನು ತಡೆದು ಕೇಳಿದ, "ಪ್ರಾರ್ಥನೆ ಮುಗೀತೇನಪ್ಪಾ ಪಾದ್ರಿ ಮಗನೇ? ಮುಗಿದಿದ್ರೆ ಆಟ ಯಾವುದು ಅಂತ ಹೇಳು. ಆಮೆನ್ ಅಂದ್ಬಿಟ್ಟು ಮನೆಗೆ ಹೋಗೋಣ್ವಾ ಹೇಗೆ?"

ಎಲ್ಲರೂ ನಕ್ಕರು. ವೇಡ್ ಕೆಂಪಾಗಿ, "ಕ್ಷಮಿಸಿ ಸರ್" ಎಂದ. ಇನ್ನೂ ಜೋರಾಗಿ ನಕ್ಕರು.

ಎಮಿಲ್‌ಗೆ ಅಯ್ಯೋ ಅನ್ನಿಸಿತು. ಅವತ್ತು ಸಂಜೆ ಹುಡುಗನನ್ನು ಕಾರಿನಲ್ಲಿ ಕೂರಿಸಿಕೊಂಡು ಮನೆಗೆ ಕರೆತಂದ. ಹೆಂಡತಿ ಮಾರ್ಗಿಟ್ ಕೆಂಪು ಮೆಣಸಿನಪುಡಿ ಹಾಕಿ ಬೇಯಿಸಿದ ಕೋಳಿ ಬಡಿಸಿದಳು. ಹುಡುಗ ಮೂರು ಸಲ ಹಾಕಿಸಿಕೊಂಡ, ಮೂರು ಸಲವೂ ಎದ್ದು ನಿಂತು ಥ್ಯಾಂಕ್ಸ್ ಹೇಳಿದ. ಅವನು ಹೋದ ಮೇಲೆ ಮಾರ್ಗಿಟ್, ಇಂಥವನನ್ನ ಆ ಗೂಳಿಗಳ ಮಧ್ಯೆ ಬಿಟ್ಟಿದ್ದೀರಲ್ಲ ಎನ್ನುತ್ತಾ ಪಾತ್ರೆ ತೊಳೆದಳು.

ಎಮಿಲ್ ತನಗೆ ತಿಳಿದಂತೆ ನೆರವಾಗಲು ಹೊರಟ. ಪ್ರತಿಯೊಂದು ಆಟಕ್ಕೂ ಮುಂಚೆ ಎದುರಾಳಿಗಳಲ್ಲಿ ಯಾರು ನುಗ್ಗಿ ಬರುತ್ತಾರೆ, ಯಾರು ಬರುವ ಹಾಗೆ ನಟಿಸಿ ಹಿಂದೆ ಸರಿಯುತ್ತಾರೆ ಎಂದು ಯಾರಾದರೂ ಓದಬೇಕು. ಓದಿ, ಸಾಲು ಎಡಕ್ಕೆ ವಾಲಬೇಕೋ ಬಲಕ್ಕೆ ವಾಲಬೇಕೋ ಎಂದು ಕೂಗಬೇಕು. ತಪ್ಪಿದರೆ ಒಬ್ಬ ತಡೆಯಿಲ್ಲದೆ ಬಂದು ಕ್ವಾರ್ಟರ್‌ಬ್ಯಾಕ್‌ನನ್ನು ಕೆಡವುತ್ತಾನೆ. ಟೊಲೀಡೊ ತಂಡದಲ್ಲಿ ಆ ಕೆಲಸ ಕ್ವಾರ್ಟರ್‌ಬ್ಯಾಕ್‌ನದೇ. ಆದರೆ ಎಮಿಲ್‌ಗೆ ಅದು ಅಂಗೈ ಮೇಲಿನ ಗೆರೆಯಂತೆ ಕಾಣುತ್ತಿತ್ತು. ಅವನು ಬಗ್ಗಿ ನಿಂತಲ್ಲಿಂದಲೇ ಮೆಲ್ಲಗೆ, ಎಡಗಡೆಯವನು ಬರ್ತಾನೆ, ಬಲಗಡೆಯವನದು ನಾಟಕ ಎಂದು ಹೇಳಿಕೊಡತೊಡಗಿದ. ಹುಡುಗ ಅದನ್ನೇ ಕೂಗುತ್ತಿದ್ದ. ಅವನ ದನಿ ಕೇಳದಿದ್ದಾಗ ಎಮಿಲ್ ತಾನೇ ಕೂಗಿಬಿಡುತ್ತಿದ್ದ. ಎಸೆಯಲು ಸಮಯ ಸಿಕ್ಕಿದ ಹುಡುಗ ಮುತ್ತಿನಂತೆ ಎಸೆದ. ಟೊಲೀಡೊ ಸಾಲಾಗಿ ಎರಡು ಪಂದ್ಯ ಗೆದ್ದಿತು. ಊರಿನ ಪತ್ರಿಕೆ ಹುಡುಗನ ಕಣ್ಣು ಎಷ್ಟು ಚುರುಕು ಎಂದು ಬರೆಯಿತು. ಎಮಿಲ್ ಅದನ್ನು ಓದಿ ಒಳಗೊಳಗೇ ಹಿಗ್ಗಿದ. ಚುರುಕು ಯಾರದೆಂದು ತನಗೆ ಗೊತ್ತಿದ್ದರೆ ಸಾಕು ಎಂದುಕೊಂಡ.

ಕೋಚ್ ಬರ್ನಿ ಟ್ರಾಸ್ಕ್ ಅವನನ್ನು ತನ್ನ ಕೋಣೆಗೆ ಕರೆಸಿದ್ದು ಆ ವಾರವೇ. ಟ್ರಾಸ್ಕ್ ಹೆಚ್ಚು ಮಾತಿನವನಲ್ಲ. ಕಿಟಕಿಯ ಪರದೆ ಎಳೆದು, ಪ್ರೊಜೆಕ್ಟರ್‌ನಲ್ಲಿ ಗೆದ್ದ ಪಂದ್ಯದ ಚಿತ್ರ ಓಡಿಸಿ, ಒಂದು ಕಡೆ ನಿಲ್ಲಿಸಿದ. ಗೋಡೆಯ ಮೇಲೆ ವೇಡ್ ಚೆಂಡಿಗಾಗಿ ಕೈ ಚಾಚಿ ನಿಂತಿದ್ದ.

"ಹುಡುಗ ಎಲ್ಲಿ ನೋಡ್ತಾ ಇದ್ದಾನೆ ಹೇಳು" ಎಂದ ಟ್ರಾಸ್ಕ್.

ಎಮಿಲ್ ನೋಡಿದ. ಹುಡುಗನ ತಲೆ ತಗ್ಗಿತ್ತು. ಎದುರಾಳಿಗಳ ಸಾಲು ಅವನ ಕಣ್ಣಿಗೇ ಬಿದ್ದಿರಲಿಲ್ಲ. ಅವನು ಎಮಿಲ್‌ನ ಹೆಲ್ಮೆಟ್ಟನ್ನು ನೋಡುತ್ತಿದ್ದ. ಟ್ರಾಸ್ಕ್ ಇನ್ನೊಂದು ಚಿತ್ರ ತೋರಿಸಿದ, ಮತ್ತೊಂದು ತೋರಿಸಿದ. ಎಲ್ಲದರಲ್ಲೂ ಅದೇ.

"ನಾನು ಸಹಾಯ ಮಾಡ್ತಾ ಇದ್ದೆ ಅಷ್ಟೆ" ಎಂದ ಎಮಿಲ್.

"ಗೊತ್ತು. ನಿನ್ನ ಕುತ್ತಿಗೆ ಹೇಗಿದೆ?"

ಎಮಿಲ್ ಎಡಗೈಯ ಬೆರಳು ಮಡಿಸಿ ಬಿಡಿಸಿದ. ಎರಡು ವರ್ಷದಿಂದ ಬೆಳಗ್ಗೆ ಏಳುವಾಗ ಅವನ ಎಡಗೈ ಜೋಮು ಹಿಡಿಯುತ್ತಿತ್ತು. ಯಾರಿಗೂ ಹೇಳಿರಲಿಲ್ಲ.

"ನೀನು ಇರೋವರೆಗೂ ಅವನು ಚೆನ್ನಾಗಿ ಆಡ್ತಾನೆ ಎಮಿಲ್. ಆಮೇಲೆ? ಇನ್ನು ಮೇಲೆ ಅವನೇ ನೋಡ್ಲಿ, ಅವನೇ ಕೂಗ್ಲಿ. ತಪ್ಪು ಅಂತ ಕಂಡ್ರೂ ಅವನು ಹೇಳಿದ ಕಡೆಗೇ ನೀನು ಹೋಗ್ಬೇಕು."

"ಏಟು ಬೀಳುತ್ತೆ ಅವನಿಗೆ."

"ಬೀಳುತ್ತೆ" ಎಂದ ಟ್ರಾಸ್ಕ್. ಅವನ ಮುಖದಲ್ಲಿ ಖುಷಿಯೇನೂ ಇರಲಿಲ್ಲ.

ಹುಡುಗನಿಗೆ ಈ ಸುದ್ದಿ ಮುಟ್ಟಿಸುವುದೂ ಎಮಿಲ್‌ನ ಪಾಲಿಗೇ ಬಂತು. ಅಭ್ಯಾಸ ಮುಗಿದ ಮೇಲೆ ಖಾಲಿ ಮೈದಾನದ ಬೆಂಚಿನ ಮೇಲೆ ಕೂರಿಸಿ ಹೇಳಿದ. ವೇಡ್ ಬೂಟಿನ ಮಣ್ಣು ಕೆರೆಯುತ್ತಾ, "ನಾನೇನಾದ್ರೂ ತಪ್ಪು ಮಾಡಿದ್ನಾ ಸರ್?" ಎಂದು ಕೇಳಿದ. ಮಾಡಿದ್ದು ನಾನು ಎಂದು ಎಮಿಲ್‌ಗೆ ಹೇಳಬೇಕೆನ್ನಿಸಿತು. ಆದರೆ ಅವನ ಬೆನ್ನು ತಟ್ಟಿ ಎದ್ದುಬಂದ.

ಮುಂದಿನ ಪಂದ್ಯ ಡುಲೂತ್‌ನಲ್ಲಿ. ದೊಡ್ಡ ಸರೋವರದ ಕಡೆಯಿಂದ ಬೀಸುವ ಚಳಿಗಾಳಿಗೆ ಕಿವಿ ಕಿತ್ತುಬರುವಂತಿತ್ತು. ಎರಡನೆಯ ಭಾಗದಲ್ಲಿ ಬಗ್ಗಿ ನಿಂತ ಎಮಿಲ್‌ಗೆ ಎಡಗಡೆಯ ಎದುರಾಳಿಯ ಕಾಲು ಕಾಣಿಸಿತು. ಹಿಮ್ಮಡಿ ನೆಲ ಬಿಟ್ಟಿತ್ತು, ಮೈಯ ಭಾರವೆಲ್ಲ ಬೆರಳ ಮೇಲೆ. ಇವನು ಬರುತ್ತಾನೆ, ಅನುಮಾನವೇ ಇಲ್ಲ. ಹಿಂದಿನಿಂದ ಹುಡುಗನ ದನಿ ಬಂತು, ಬಲಕ್ಕೆ ಎಂದು. ಎಮಿಲ್‌ನ ನಾಲಿಗೆ ಹಲ್ಲಿನ ತನಕ ಬಂದು ನಿಂತಿತು. ಚೆಂಡು ಕೊಟ್ಟು ಬಲಕ್ಕೆ ತಿರುಗಿದ. ಬೆನ್ನ ಹಿಂದೆ ಗೋಣಿಚೀಲ ಮೇಲಿನಿಂದ ಬಿದ್ದಂತೆ ಸದ್ದಾಯಿತು.

ಎಬ್ಬಿಸಲು ಹೋದಾಗ ಹುಡುಗನ ಬಾಯಿ ತುಂಬ ಹುಲ್ಲು ಮಣ್ಣು. ಉಸಿರು ಸಿಕ್ಕದೆ ಬಾಯಿ ಬಿಡುತ್ತಿದ್ದ. ಅವತ್ತು ಅವನು ಹಾಗೆ ಮತ್ತೆ ಮತ್ತೆ ಬಿದ್ದ.

ಮೈದಾನದಿಂದ ಹೊರಗೆ ಬಂದಾಗ ಓಡೆಲ್ ಎಮಿಲ್‌ನ ಅಂಗಿ ಹಿಡಿದ. "ಅವನು ಬರೋದು ನೀನು ನೋಡ್ಲಿಲ್ವಾ?"

"ನೋಡಿದೆ."

"ನೋಡಿದೆ ಅಂತೀಯಲ್ಲ, ಥೂ ನಿನ್ನ" ಎಂದು ಓಡೆಲ್ ಅಂಗಿ ಬಿಟ್ಟ. ಕೋಚ್ ಹೇಳಿದ್ದನ್ನು ಎಮಿಲ್ ವಿವರಿಸಿದ. ಓಡೆಲ್ ಕೇಳಿಸಿಕೊಂಡ, ಆದರೆ ಊರಿಗೆ ಬರುವಾಗ ವಿಮಾನದಲ್ಲಿ ಎಂದಿನಂತೆ ಅವನ ಪಕ್ಕದಲ್ಲಿ ಕೂರಲಿಲ್ಲ.

ಮನೆಯಲ್ಲಿ ಮಾರ್ಗಿಟ್ ಟಿವಿಯಲ್ಲಿ ಎಲ್ಲ ನೋಡಿದ್ದಳು. ಎಮಿಲ್ ಅವಳಿಗೂ ಹೇಳಿದ. ನೀನು ಮಾಡಿದ್ದು ಸರಿ ಎಂದಾಳೆಂದು ಕಾದ. ಅವಳು, "ಅವನ ತಾಯಿನೂ ಎಲ್ಲೋ ಕೂತ್ಕೊಂಡು ನೋಡ್ತಿರ್ತಾಳೆ ಎಮಿಲ್" ಎಂದಳು.

ಆ ಮಾತು ಅವನನ್ನು ಬಹಳ ದಿನ ಕಾಡಿತು. ಬಿದ್ದು ಕಲಿಯಲಿ ಎನ್ನುವುದು ಸುಲಭ, ಬೀಳುವವನು ತಾನಲ್ಲದಿದ್ದರೆ. ಆದರೆ ಇನ್ನೊಂದು ಯೋಚನೆಯೂ ಅದರ ಬೆನ್ನಿಗೇ ಬರುತ್ತಿತ್ತು. ಹೇಳಿಕೊಡುತ್ತಿದ್ದಾಗ ತನಗಾಗುತ್ತಿದ್ದ ಆ ಹಿಗ್ಗು ಯಾರಿಗಾಗಿ? ಹುಡುಗನಿಗಾಗಿಯೋ, ಇಳಿಗಾಲದಲ್ಲಿ ತಾನಿಲ್ಲದೆ ಯಾವುದೂ ನಡೆಯದೆಂಬ ಸುಖಕ್ಕಾಗಿಯೋ? ಎಷ್ಟು ಯೋಚಿಸಿದರೂ ಎರಡನ್ನೂ ಬಿಡಿಸಿ ನೋಡಲು ಅವನಿಗೆ ಆಗಲಿಲ್ಲ.

ತಂಡ ಸೋಲುತ್ತಾ ಹೋಯಿತು. ಪ್ರೇಕ್ಷಕರು ವೇಡ್ ಮೈದಾನಕ್ಕಿಳಿದರೆ ಕೂಗಿ ಅಣಕಿಸುವಂತಾದರು. ಅವನ ಪಕ್ಕೆಲುಬು ಬಿರುಕುಬಿಟ್ಟಿತು, ಪಟ್ಟಿ ಸುತ್ತಿಕೊಂಡು ಆಡಿದ. ಕೊಚಿಶ್ ಮನೆಗೆ ಬರುವುದನ್ನು ಬಿಟ್ಟುಬಿಟ್ಟ. ಎಮಿಲ್ ಕರೆಯಲೂ ಇಲ್ಲ, ಕರೆಯಲು ಅವನಿಗೆ ಮುಖವಿರಲಿಲ್ಲ.

ಹೀಗಿರುವಾಗ ನವೆಂಬರಿನ ಒಂದು ಮಂಗಳವಾರ, ರಜೆಯ ದಿನ, ಮಧ್ಯಾಹ್ನ ಬಾಗಿಲು ತಟ್ಟಿದ ಸದ್ದಾಯಿತು. ವೇಡ್ ನಿಂತಿದ್ದ. ಊಟಕ್ಕೆ ಬಂದಿಲ್ಲ ಎಂದು ಮೊದಲೇ ಹೇಳಿದ. "ನೀವು ಉತ್ತರ ಹೇಳ್ಕೊಡೋದು ಬೇಡ ಸರ್. ಪ್ರಶ್ನೆ ಕೇಳ್ತೀರಾ?"

ಹಿತ್ತಲಿಗೆ ಅಡುಗೆಮನೆಯ ಕುರ್ಚಿಗಳು ಬಂದವು. ಕುರ್ಚಿಗಳೇ ಎದುರಾಳಿಗಳ ಸಾಲು. ಎಮಿಲ್ ಬಗ್ಗಿ ನಿಂತ, ಹಿಂದೆ ವೇಡ್. ನುಗ್ಗಿ ಬರಲು ಒಬ್ಬರು ಬೇಕಲ್ಲ, ಮಾರ್ಗಿಟ್ ಏಪ್ರನ್ ಬಿಚ್ಚದೆ ಪೊರಕೆ ಹಿಡಿದು ಬಂದು ನಿಂತಳು. ಅವಳು ಯಾವ ಕುರ್ಚಿಯ ಸಂದಿಯಿಂದ ನುಗ್ಗುತ್ತಾಳೆಂದು ಹುಡುಗ ಮೊದಲೇ ಕೂಗಬೇಕು, ಎಮಿಲ್ ಅತ್ತ ಹೋಗಬೇಕು. ತಪ್ಪಿದರೆ ಪೊರಕೆಯ ಏಟು. ಮಾರ್ಗಿಟ್ ಇಂಥ ಕಳ್ಳಾಟದಲ್ಲಿ ಇಷ್ಟು ಪಳಗಿದವಳೆಂದು ಎಮಿಲ್‌ಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ. ಬಲಕ್ಕೆ ನೋಡುವಳು, ಎಡಕ್ಕೆ ಬರುವಳು. ಕೆಮ್ಮಿದಂತೆ ಮಾಡಿ ನುಗ್ಗುವಳು.

"ಮಿಸೆಸ್ ಕೊಚಿಶ್, ಇದು ಮೋಸ" ಎಂದ ವೇಡ್ ಬೆನ್ನು ಸವರಿಕೊಂಡು.

"ಹೌದಪ್ಪಾ, ಅವ್ರೆಲ್ಲ ಅಲ್ಲಿ ನಿಂಗೆ ಹೇಳ್ಬಿಟ್ಟು ಬರ್ತಾರೇನೋ" ಎಂದಳು ಮಾರ್ಗಿಟ್.

ಆಮೇಲೆ ಪ್ರತಿ ಮಂಗಳವಾರ ಕುರ್ಚಿಗಳು ಹಿತ್ತಲಿಗೆ ಬಂದವು. ಒಂದು ವಾರ ಓಡೆಲ್ ಕೂಡ ಬಂದು, ಏನು ನಡೀತಿದೆ ಇಲ್ಲಿ ಎಂದು ಬೇಲಿಯಾಚೆ ನಿಂತು ನೋಡಿ, ಒಳಬಂದು ಎಮಿಲ್‌ನ ಎಡಕ್ಕೆ ಬಗ್ಗಿದ. ಅಲ್ಲಿಗೆ ಅವರಿಬ್ಬರ ಮುನಿಸೂ ಮುಗಿಯಿತು. ವೇಡ್ ದಿನೇ ದಿನೇ ತಲೆಯೆತ್ತಿ ನೋಡತೊಡಗಿದ. ದನಿ ಗಂಟಲಿನಿಂದ ಎದೆಗೆ ಇಳಿಯಿತು.

ಡಿಸೆಂಬರಿನಲ್ಲಿ ಏಕ್ರನ್ ತಂಡ ಟೊಲೀಡೊಗೆ ಬಂತು. ಹಿಮ ಬೀಳುತ್ತಿತ್ತು. ಆಟ ಮುಗಿಯಲು ನಿಮಿಷವೂ ಉಳಿದಿರಲಿಲ್ಲ, ಟೊಲೀಡೊ ನಾಲ್ಕು ಅಂಕ ಹಿಂದಿತ್ತು, ಆದರೆ ಚೆಂಡು ಅವರ ಕೈಯಲ್ಲಿತ್ತು, ಎದುರಾಳಿಯ ಗೆರೆ ಹತ್ತೇ ಹೆಜ್ಜೆ ದೂರ. ದಾಟಿದರೆ ಆರು ಅಂಕ, ಗೆಲುವು. ವೇಡ್ ಎಡಕ್ಕೆ ಎಂದು ಕೂಗಿದ. ಎಮಿಲ್ ನೋಡಿದ. ಬಲಗಡೆಯವನ ಭುಜ ಮುಂದಕ್ಕೆ ವಾಲಿತ್ತು. ಇಷ್ಟು ವಾರ ಕಟ್ಟಿಕೊಂಡಿದ್ದ ಬಾಯಿ ಆ ಗಳಿಗೆಯಲ್ಲಿ ಬಿಟ್ಟುಹೋಯಿತು.

"ಬಲಗಡೆಯಿಂದ ಬರ್ತಾನೆ ವೇಡ್, ಬದಲಾಯಿಸು."

"ಇಲ್ಲ. ಎಡಕ್ಕೇ ಹೋಗು ಎಮಿಲ್" ಎಂದ ಹುಡುಗ.

ಮಾತಿನಲ್ಲಿ ಸರ್ ಇರಲಿಲ್ಲ, ನೀವು ಇರಲಿಲ್ಲ. ಎಮಿಲ್ ಚೆಂಡು ಕೊಟ್ಟು ಎಡಕ್ಕೆ ಹೋದ. ಎದುರಾಳಿ ಬಂದದ್ದು ಬಲಗಡೆಯಿಂದಲೇ. ಹುಡುಗ ಬಿದ್ದ, ಚೆಂಡು ಜಾರಿ ಹಿಮದಲ್ಲಿ ಉರುಳಿತು, ಏಕ್ರನ್‌ನವನೊಬ್ಬ ಅದರ ಮೇಲೆ ಬಿದ್ದು ತಬ್ಬಿಕೊಂಡ. ಆಟ ಮುಗಿಯಿತು.

ವೇಡ್ ಪಟ್ಟಿಯನ್ನೂ ಬಿಚ್ಚದೆ ಬಟ್ಟೆ ಬದಲಿಸುವ ಕೋಣೆಯ ಮಧ್ಯಕ್ಕೆ ಬಂದು ನಿಂತ.

"ಎಮಿಲ್ ಸರಿಯಾಗೇ ಹೇಳಿದ. ನಾನು ಕೇಳ್ಲಿಲ್ಲ. ಪಂದ್ಯ ಕಳೆದದ್ದು ನಾನು" ಎಂದ. ತಲೆಯೆತ್ತಿ ಎಲ್ಲರನ್ನೂ ನೋಡಿದ. "ಮುಂದಿನ ವಾರ ನಾನು ಎಡಕ್ಕೆ ಅಂದ್ರೆ ಎಲ್ಲರೂ ಮತ್ತೆ ಎಡಕ್ಕೇ ಹೋಗ್ಬೇಕು. ಅರ್ಧ ಜನ ನನ್ನ ಮಾತು, ಅರ್ಧ ಜನ ಬೇರೆಯವರ ಮಾತು ಅಂದ್ರೆ ಆಗಲ್ಲ."

ಯಾರೋ ನಗುತ್ತಾರೆಂದು ಎಮಿಲ್ ಕಾದ. ಯಾರೂ ನಗಲಿಲ್ಲ. ಓಡೆಲ್ ಬೂಟಿನ ಲೇಸು ಬಿಚ್ಚುತ್ತಾ ತಲೆಯೆತ್ತದೆ, "ಸರಿ, ಹೋಗ್ತೀವಿ" ಎಂದ.

ಮನೆಗೆ ಕಾರು ಓಡಿಸಿಕೊಂಡು ಬರುವಾಗ ಎಮಿಲ್‌ನ ಮನಸ್ಸಿನಲ್ಲಿ ಸೋಲಿನ ಸಂಕಟಕ್ಕಿಂತ ಹೆಚ್ಚಾಗಿ ಒಂದು ಸೋಜಿಗ ಸುಳಿಯುತ್ತಿತ್ತು. ಅಷ್ಟು ವರ್ಷ ಅವನು ತನ್ನ ಕಣ್ಣಿಗೆ ಕಂಡದ್ದನ್ನೇ ನಂಬಿ ಆಡಿದವನು. ಡುಲೂತ್‌ನಲ್ಲಿ ಬಲಕ್ಕೆ ತಿರುಗಿದ್ದು ಹಲ್ಲು ಕಚ್ಚಿಕೊಂಡು, ಟ್ರಾಸ್ಕ್ ಹೇಳಿದ್ದಕ್ಕಾಗಿ. ಇವತ್ತು ಹಲ್ಲು ಕಚ್ಚಲಿಲ್ಲ. ತಪ್ಪೆಂದು ಗೊತ್ತಿದ್ದರೂ, ಆ ಹುಡುಗನ ದನಿ ಕೇಳಿದ ಕೂಡಲೇ ಮೈ ತಾನಾಗಿ ಎಡಕ್ಕೆ ಹೋಗಿತ್ತು. ಅದು ಸರಿಯೋ ತಪ್ಪೋ ಅವನಿಗೆ ತಿಳಿಯಲಿಲ್ಲ. ಆದರೆ ಇಂಥ ದನಿಯಿಲ್ಲದೆ ತಂಡ ನಿಲ್ಲುವುದಿಲ್ಲ ಎಂದು ಮಾತ್ರ ಗೊತ್ತಿತ್ತು.

ಆ ವರ್ಷದ ಕೊನೆಯ ಪಂದ್ಯ ಗೆದ್ದರು. ಅಷ್ಟರಿಂದ ಯಾರ ಹಣೆಬರಹವೂ ಬದಲಾಗಲಿಲ್ಲ. ಮಾಲೀಕರು ಟ್ರಾಸ್ಕ್‌ನನ್ನು ತೆಗೆದುಹಾಕಿದರು. ಅವನು ಇಂಡಿಯಾನಾದ ಒಂದು ಸಣ್ಣ ಊರಿಗೆ ಹೋಗಿ ಶಾಲಾಮಕ್ಕಳಿಗೆ ಆಟ ಕಲಿಸಿದ. ವಸಂತದಲ್ಲಿ ತಂಡದ ವೈದ್ಯರು ಎಮಿಲ್‌ನ ಕುತ್ತಿಗೆಯ ಎಕ್ಸ್‌ರೇ ನೋಡಿ, ಇನ್ನೊಂದು ಏಟು ಬಿದ್ದರೆ ಕೈ ಬರದೇ ಹೋದೀತು ಎಂದರು. ಅವನು ವಾದ ಮಾಡಲಿಲ್ಲ. ಬೇಸಿಗೆ ರಜೆಗಳಲ್ಲಿ ದುಡಿಯುತ್ತಿದ್ದ ಗಾಜಿನ ಕಾರ್ಖಾನೆಗೇ ಖಾಯಂ ಆಗಿ ಸೇರಿಕೊಂಡು, ಪ್ಯಾಕಿಂಗ್ ವಿಭಾಗ ನೋಡಿಕೊಂಡ. ಅಲ್ಲಿನ ಹುಡುಗರಿಗೆ ಮೊದಲೆರಡು ವರ್ಷ ಪ್ರತಿಯೊಂದನ್ನೂ ಹೇಳಿಕೊಡುತ್ತಿದ್ದ. ಆಮೇಲಾಮೇಲೆ ಕಡಿಮೆ ಮಾಡಿದ. ಒಂದಷ್ಟು ಗಾಜು ಒಡೆಯಿತು.

ವೇಡ್ ಹತ್ತು ವರ್ಷಕ್ಕೂ ಮಿಕ್ಕಿ ಟೊಲೀಡೊಗೆ ಆಡಿದ. ಕಪ್ ಗೆಲ್ಲಲಿಲ್ಲ, ಒಮ್ಮೆ ಹತ್ತಿರ ಹೋಗಿ ಬಂದ. ಊರವರು ಅವನನ್ನು ಹೊಗಳಿದರು, ಬೈದರು, ಮತ್ತೆ ಹೊಗಳಿದರು. ಅವನ ಮದುವೆಯಲ್ಲಿ ಮಾರ್ಗಿಟ್ ಅವನ ತಾಯಿಯ ಪಕ್ಕದಲ್ಲಿ ಕೂತಿದ್ದಳು. ಇಬ್ಬರೂ ಏನು ಮಾತಾಡಿಕೊಂಡರೆಂದು ಅವಳು ಎಮಿಲ್‌ಗೆ ಹೇಳಲಿಲ್ಲ.

ವೇಡ್‌ನ ಕೊನೆಯ ವರ್ಷಗಳಲ್ಲಿ ಒಂದು ಭಾನುವಾರ ಎಮಿಲ್ ಮತ್ತು ಮಾರ್ಗಿಟ್ ಆಟ ನೋಡಲು ಹೋಗಿ ಎತ್ತರದ ಸಾಲಿನಲ್ಲಿ ಕೂತರು. ಎಮಿಲ್‌ನ ಜಾಗಕ್ಕೆ ಬಂದ ಹೊಸ ಸೆಂಟರ್ ಬಗ್ಗಿ ನಿಂತು ತಲೆ ಹೊರಳಿಸಿ ಏನೋ ಹೇಳಿದ. ವೇಡ್ ಒಂದು ಗಳಿಗೆ ಎದುರಿನ ಸಾಲು ನೋಡಿ, ತಲೆಯಾಡಿಸಿ, ಕೈಯಿಂದ ಬಲಕ್ಕೆ ತೋರಿಸಿದ. ಇಡೀ ಸಾಲು ಸರಿದು ನಿಂತಿತು.

"ಯಾವ ಕಡೆಯಿಂದ ಬರ್ತಾರೆ?" ಎಂದು ಕೇಳಿದಳು ಮಾರ್ಗಿಟ್.

"ಇಲ್ಲಿಂದ ಗೊತ್ತಾಗಲ್ಲ" ಎಂದ ಎಮಿಲ್.